ಕಿಲುಬು

ಶಂಕರಲಿಂಗಪ್ಪ ಜಾಡಿಯ ಹೊಟ್ಟೆಗೆ ಕಿವಿಯಿಟ್ಟು ಉಸಿರು ಬಿಗಿಹಿಡಿದು ಕೂತಿದ್ದ. ಶಿವರಾತ್ರಿ ಕಳೆದ ಮೇಲೆ ಭತ್ತದ ಹೊಟ್ಟಿನಲ್ಲಿ ಹೂತಿಟ್ಟ ಜಾಡಿ. ಮೊದಮೊದಲು ಒಲೆಯ ಮೇಲಿನ ಅನ್ನದ ಗಡಿಗೆಯ ಹಾಗೆ ಒಳಗೊಳಗೇ ಗುಳುಗುಳು ಅನ್ನುತ್ತಿತ್ತು. ಈಗ ಸದ್ದಿಲ್ಲ.

"ಹೆಂಗೈತ್ಲಾ?" ಅವನ ತಂದೆ ಪಂಡಿತ ಚನ್ನಮಲ್ಲಯ್ಯನವರು ಕಂಬಕ್ಕೆ ಒರಗಿಕೊಂಡೇ ಕೇಳಿದರು.

"ಮಲಗ್ಬುಟ್ಟೈತೆ ಅಪ್ಪಾ."

"ಮಲಗೈತೋ ಸತ್ತೈತೋ. ದೀಪ ಇಳಿಸು, ನೋಡಾನ."

ಅವನು ಬಾಯಿಗೆ ಮೆತ್ತಿದ್ದ ಜೇಡಿಮಣ್ಣು ಕೆರೆದು, ಬಟ್ಟೆ ಬಿಚ್ಚಿ, ತಂತಿಗೆ ಸಿಕ್ಕಿಸಿದ ಉರಿಯುವ ಬತ್ತಿಯನ್ನು ಮೆಲ್ಲಗೆ ಒಳಗೆ ಬಿಟ್ಟ. ರಸ ಇನ್ನೂ ಹುದುಗುತ್ತಿದ್ದರೆ ಅದರ ಉಸಿರಿಗೆ ಬತ್ತಿ ಪಕ್ಕನೆ ಆರಬೇಕು. ಆರಲಿಲ್ಲ. ಜಾಡಿಯ ಆಳದಲ್ಲಿ ರಸ ಕೆಂಪಗೆ ಹೊಳೆಯಿತು. ಶಂಕರಲಿಂಗಪ್ಪ ತಂದೆಯ ಮುಖ ನೋಡಿದ, ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತ ಅತ್ತಿಗೆಯ ಮುಖ ನೋಡಿದ. ಇನ್ನು ಉಳಿದದ್ದು ಅವಳ ನಾಲಿಗೆ.

ಮಧುಗಿರಿಯ ಕೋಟೆಯ ಕೆಳಗಿನ ಆ ಮನೆಯ ದ್ರಾಕ್ಷಾರಿಷ್ಟಕ್ಕೆ ಕೊರಟಗೆರೆ, ಪಾವಗಡದಿಂದಲೂ ಜನ ಬರುತ್ತಿದ್ದರು. ಕಪ್ಪು ದ್ರಾಕ್ಷಿಯ ಕಷಾಯಕ್ಕೆ ಬೆಲ್ಲ, ಧಾತಕಿ ಹೂವು ಹಾಕಿ ಹುದುಗಿಸಿದ ಈ ಕೆಂಪು ರಸ ಬಾಣಂತಿಯರಿಗೆ, ಕೆಮ್ಮಿ ಸೊರಗಿದವರಿಗೆ, ಊಟ ಸೇರದವರಿಗೆ ಔಷಧಿ. ಪಾನನಿರೋಧ ಬಂದ ಮೇಲೆ ಊರಿನಲ್ಲಿ ಅಜೀರ್ಣದವರು ಹೆಚ್ಚಿದ್ದರು. ಪಂಡಿತರು ನಾಡಿ ಹಿಡಿದೇ ಅಜೀರ್ಣ ಯಾವುದು, ಬಾಯಾರಿಕೆ ಯಾವುದು ಎಂದು ತಿಳಿದು, ಎರಡನೆಯ ಬಗೆಯವರಿಗೆ ಹರಳೆಣ್ಣೆ ಕೊಟ್ಟು ಕಳಿಸುತ್ತಿದ್ದರು.

ನಾಡಿಯಲ್ಲಿ ಅಷ್ಟು ಗಟ್ಟಿಗರಾದ ಪಂಡಿತರಿಗೆ ನಾಲಿಗೆ ಮಾತ್ರ ಎಂದೋ ಕೈಕೊಟ್ಟಿತ್ತು. ಇಡೀ ದಿನ ನಶ್ಯ ಏರಿಸಿ ಏರಿಸಿ ಅವರಿಗೆ ಹಾಲಿಗೂ ಮಜ್ಜಿಗೆಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ದೊಡ್ಡ ಮಗ ಕಾಡಸಿದ್ದಪ್ಪನದು ಹೊಗೆಸೊಪ್ಪು, ಕಡ್ಡಿಪುಡಿಯ ಬಾಯಿ. ಅವನ ಹೆಂಡತಿಯಾಗಿ ಗಂಗಲಕ್ಷ್ಮಮ್ಮ ಐ.ಡಿ.ಹಳ್ಳಿಯಿಂದ ಬಂದ ವರ್ಷ, ಮಜ್ಜಿಗೆ ಕುಡಿದು, ಇದು ಹೊಸ ಗಡಿಗೆಯಲ್ಲಿ ಹೆಪ್ಪು ಹಾಕಿದ್ದು ಅಂದುಬಿಟ್ಟಳು. ಅತ್ತೆ ಸಣ್ಣಕ್ಕ ಹೌದೆಂದಳು. ಮಾವ ಅವತ್ತೇ ಅವಳ ಮುಂದೆ ಅರಿಷ್ಟದ ದೊನ್ನೆ ಹಿಡಿದರು. ಅಂದಿನಿಂದ ಆ ಮನೆಯಲ್ಲಿ ಯಾವ ಜಾಡಿ ರೋಗಿಗಳಿಗೆ ಹೋಗಬೇಕು, ಯಾವುದು ತಿಪ್ಪೆಗೆ ಹೋಗಬೇಕು ಅಂತ ಹೇಳುವವಳು ಅವಳೇ. ಊರಿಗೆ ಇದು ಗೊತ್ತಿರಲಿಲ್ಲ. ಮನೆಯೊಳಗೆ ಅವಳು ಬೇಡ ಎಂದದ್ದನ್ನು ಪಂಡಿತರೂ ಮರುಮಾತಾಡದೆ ಚೆಲ್ಲಿಸುತ್ತಿದ್ದರು.

ಈ ಸಲ ಮಾವನ ಜಾಡಿಗಳ ಜೊತೆಗೆ ಮೈದುನನದೂ ಒಂದಿತ್ತು. ಶಂಕರಲಿಂಗಪ್ಪ ತಾನೇ ಪುರವರದ ತೋಟಕ್ಕೆ ಹೋಗಿ ಹಣ್ಣು ಆರಿಸಿ, ಸಿರಾದಿಂದ ತಾಮ್ರದ ಕೊಪ್ಪರಿಗೆ ತಂದು, ಎದುರಿಗೆ ಕೂತು ಕಲಾಯಿ ಹಾಕಿಸಿ, ಯಾರನ್ನೂ ಹತ್ತಿರ ಸೇರಿಸದೆ ಕಾಯಿಸಿ ಇಟ್ಟ ಜಾಡಿ. ಅದು ಸರಿಬಂದರೆ ಪಾವಗಡದಲ್ಲಿ ಅವನಿಗೊಂದು ಔಷಧಿ ಅಂಗಡಿ ಹಾಕಿಕೊಡುವುದಾಗಿ ಪಂಡಿತರು ಮಾತು ಕೊಟ್ಟಿದ್ದರು. ಬಸ್‌ಸ್ಟ್ಯಾಂಡಿನ ಹತ್ತಿರ ಮಳಿಗೆಯನ್ನೂ ನೋಡಿಟ್ಟಿದ್ದರು. ಸರಿಬರದಿದ್ದರೆ ಮದ್ದಿನ ಸಹವಾಸ ಬಿಟ್ಟು ಬೇರೆ ಬಾಳು ನೋಡಿಕೊಳ್ಳಬೇಕು. ಮೆಟ್ರಿಕ್ಕಿನಲ್ಲಿ ಎಡವಿದ್ದ ಹುಡುಗನಿಗೆ ಕೈ ಹತ್ತಿದ್ದ ಕೆಲಸ ಅದೊಂದೇ. ಹಿಂದಿನ ಸಂಜೆಯಿಂದ ಅವನು ಊಟ ಸರಿಯಾಗಿ ಮಾಡಿರಲಿಲ್ಲ.

ಗಂಗಲಕ್ಷ್ಮಮ್ಮನೂ ಮಾಡಿರಲಿಲ್ಲ. ಅವಳ ಕಾರಣ ಬೇರೆ. ಅವಳಿಗೆ ಮುಟ್ಟು ನಿಂತಿತ್ತು. ಗಂಡನಿಗೂ ಹೇಳಿರಲಿಲ್ಲ. ಹಿಂದೆ ಎರಡು ಸಲ ಹೇಳಿದ್ದಳು. ಸಣ್ಣಕ್ಕ ಸಂತೋಷ ತಡೆಯಲಾರದೆ ಬೀದಿಗೆಲ್ಲ ಬೆಲ್ಲ ಹಂಚಿದ್ದಳು. ಎರಡು ಸಲವೂ ಬಸಿರು ನಿಲ್ಲಲಿಲ್ಲ. ಈ ಸಲ ಮೂರು ತುಂಬುವವರೆಗೆ ಬಾಯಿ ಬಿಡಬಾರದೆಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದಳು.

ಆದರೆ ಆ ಮನೆಯ ಕಟ್ಟಳೆ ಅವಳಿಗೆ ಗೊತ್ತಿತ್ತು. ನೆಗಡಿಯವರು, ಜ್ವರದವರು, ಹೊರಗಾದವರು, ಬಸುರಿ, ಬಾಣಂತಿ ಜಾಡಿಯ ರುಚಿ ನೋಡುವಂತಿಲ್ಲ. ಇವರ ನಾಲಿಗೆ ಇವರ ಮಾತು ಕೇಳುವುದಿಲ್ಲ ಎನ್ನುತ್ತಿದ್ದರು ಮಾವ. ಇವತ್ತು ನಾನು ನೋಡಲಾರೆ ಎಂದರೆ, ಯಾಕೆ ಅನ್ನುತ್ತಾರೆ. ನೆಗಡಿ ಅನ್ನೋಣವೆಂದರೆ ಮಾವ ನಾಡಿ ಹಿಡಿಯದೆ ಬಿಡುವವರಲ್ಲ. ಅವರ ಬೆರಳಿಗೆ ಸುಳ್ಳು ಹೇಳುವುದು ಅವಳಿಂದ ಆಗದ ಮಾತು. ಒಂದು ಗುಟುಕು ತಾನೇ, ಎಂದುಕೊಂಡು ಬಾಯಿ ಮುಕ್ಕಳಿಸಿ ಜಗಲಿಗೆ ಬಂದು ಕೂತಳು.

ಮೊದಲು ಪಂಡಿತರ ಜಾಡಿಗಳದು. ಲೋಹ ತಾಗಬಾರದೆಂದು ಮುತ್ತುಗದೆಲೆಯ ಪುಟ್ಟ ದೊನ್ನೆಯಲ್ಲಿ ಬಿಟ್ಟುಕೊಟ್ಟರು. ಗಂಗಲಕ್ಷ್ಮಮ್ಮ ಮೂಸಿ, ನಾಲಿಗೆಯ ಮೇಲೆ ಆಡಿಸಿ, ಪಕ್ಕದ ಬೂದಿಯ ತಟ್ಟೆಗೆ ಉಗಿದಳು. ಸಿಹಿ ಬಂತು, ಒಗರು ಬಂತು, ಹಿಂದಿನಿಂದ ತಾಮ್ರದ ದುಡ್ಡು ಚೀಪಿದ ಹಾಗೆ ಏನೋ ಬಂತು. ಮಾವ ಮಣ್ಣಿನ ಹರವಿಯಲ್ಲಿ ಕಾಯಿಸುವವರು, ಅದರಲ್ಲಿ ತಾಮ್ರ ಎಲ್ಲಿಂದ ಬಂದೀತು ಎಂದುಕೊಂಡಳು.

"ಹೋದ್ವರ್ಸದಂಗೇ ಐತೆ ಮಾವ."

"ಇನ್ನೊಂದು?"

"ಅದೂ ಅಂಗೇ."

ಆಮೇಲೆ ಶಂಕರಲಿಂಗಪ್ಪ ತನ್ನದನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಬಿಸಿಲಿಗೆ ಹಿಡಿದ. ದಾಳಿಂಬೆಯ ಕಾಳಿನ ಬಣ್ಣ. ತಳದಲ್ಲಿ ಒಂದು ಎಳೆ ಗಸಿಯಿಲ್ಲ. ಪಂಡಿತರು ಕೂಡ ನಶ್ಯದ ಡಬ್ಬಿ ಕೆಳಗಿಟ್ಟು ಕಣ್ಣರಳಿಸಿದರು. "ಬಣ್ಣವೇನೋ ಮದುವೆ ಹೆಣ್ಣಿನಂಗೈತೆ. ಗುಣ ಹೆಂಗೋ," ಎಂದರು.

"ಅತ್ತ್ಗೆ, ದಾಕ್ಷಿಣ್ಯ ಇಟ್ಕಬ್ಯಾಡಿ," ಎಂದು ಶಂಕರಲಿಂಗಪ್ಪ ನಗಲು ನೋಡಿದ. ರಸವನ್ನು ದೊನ್ನೆಗೆ ಬಿಟ್ಟು ಅವಳ ಕೈಗೆ ಕೊಟ್ಟ.

ಅವಳು ಬಾಯಿಗೆ ಬಿಟ್ಟುಕೊಂಡಳು. ತಾಮ್ರ. ಮೊದಲೂ ತಾಮ್ರ, ಕೊನೆಗೂ ತಾಮ್ರ, ಗಂಟಲಿನವರೆಗೂ. ಇವನು ಕೊಪ್ಪರಿಗೆಯಲ್ಲಿ ಕಾಯಿಸಿದ್ದ ಎಂಬುದು ನೆನಪಾಯಿತು. ಕಲಾಯಿ ಬಿಟ್ಟ ತಾಮ್ರದ ಹಸಿರು ಕಿಲುಬು ಹುಳಿರಸಕ್ಕೆ ಇಳಿದರೆ ಅದು ವಿಷ. ಇದನ್ನು ಕುಡಿಯುವವರು ಬಾಣಂತಿಯರು. ಮಾವನ ರಸದಲ್ಲೂ ಅದೇ ರುಚಿ ಇತ್ತಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಆ ಯೋಚನೆಯ ತುದಿ ಹಿಡಿದು ಎಳೆದರೆ ತನ್ನ ಹೊಟ್ಟೆಯವರೆಗೆ ಬರುತ್ತಿತ್ತು. ಅವಳು ಎಳೆಯಲಿಲ್ಲ.

"ಕಿಲುಬು ಇಳ್ದೈತೆ ಮಾವ," ಎಂದಳು.

ಪಂಡಿತರು ಎದ್ದು ಹಿತ್ತಲಿಗೆ ಹೋಗಿ ಕೊಪ್ಪರಿಗೆಯನ್ನು ಬಿಸಿಲಿಗೆ ತಿರುವಿ ನೋಡಿದರು. ಒಳಗೆಲ್ಲ ಬೆಳ್ಳಗಿತ್ತು. ಅಂಚಿನಲ್ಲಿ, ಸೌಟು ತಾಗುವ ಕಡೆ, ಉಗುರಿನಷ್ಟು ಜಾಗದಲ್ಲಿ ಕಲಾಯಿ ಸವೆದು ಕೆಂಪು ಕಂಡಿತು. ಅವರಿಗೆ ಅಷ್ಟು ಸಾಕಾಯಿತು.

"ಕಲಾಯಿ ನೋಡ್ಕಳಕ್ಕೆ ಬರ್ದಿದ್ದೋನು ಮಂದಿ ಜೀವ ಏನ್ಲಾ ನೋಡ್ಕಂತೀಯ?" ಎಂದರು. ದನಿ ಏರಿಸಲಿಲ್ಲ. ಏರಿಸಿದ್ದರೇ ಚೆನ್ನಾಗಿತ್ತು.

"ನಾನೂ ರುಚಿ ನೋಡಿದ್ದೆ ಅಪ್ಪಾ. ನನಗೇನೂ ಅಂಗೆ..."

"ನಿನ್ನ ನಾಲ್ಗೆ ನಂಬಿ ಮದ್ದು ಕೊಡನೇನು?"

ಕೆಟ್ಟ ಜಾಡಿಯನ್ನು ಮಾಡಿದವನೇ ಚೆಲ್ಲಬೇಕು, ಅದೂ ಅವತ್ತೇ. ಪಾನನಿರೋಧದ ಕಾಲದಲ್ಲಿ ಕೆಲಸಕ್ಕೆ ಬಾರದ ರಸವನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗೂ ಇರಲಿಲ್ಲ. ಶಂಕರಲಿಂಗಪ್ಪ ಜಾಡಿಯನ್ನು ಮಗುವಿನ ಹಾಗೆ ಸೊಂಟಕ್ಕೇರಿಸಿ ತಿಪ್ಪೆಯವರೆಗೆ ಹೊತ್ತ. ಹಿತ್ತಲೆಲ್ಲ ಘಮ್ಮೆಂದಿತು. ಗಂಗಲಕ್ಷ್ಮಮ್ಮ ಒಳಗೆ ಹೋಗಿ ಒಂದು ಚೊಂಬು ನೀರು ಕುಡಿದಳು. ನೀರೂ ತಾಮ್ರದ ಹಾಗಿತ್ತು. ಕೊಡ ಮಣ್ಣಿನದು; ಚೊಂಬು ಹಿತ್ತಾಳೆಯದೆಂದು ಅದನ್ನು ಬಿಟ್ಟು, ತೆಂಗಿನ ಕರಟದಿಂದ ಮೊಗೆದು ಮತ್ತೆ ಕುಡಿದಳು. ಅದೇ ರುಚಿ. ಬಾಗಿಲಿಗೆ ಓಡಿಬಂದಳು. ಅಷ್ಟರಲ್ಲಿ ಅವನು ಜಾಡಿಯನ್ನು ಬೋರಲು ಹಾಕಿ ತಳ ತಟ್ಟುತ್ತಿದ್ದ.

ಅವತ್ತು ಹೇಳಬಹುದಿತ್ತು. ಚೆಲ್ಲಿದ ರಸ ತಿರುಗಿ ಬರುತ್ತದೆಯೇ ಎಂದುಕೊಂಡಳು. ಕಿಲುಬು ನಿಜವಾಗಿಯೂ ಇದ್ದಿರಬಹುದು, ಸವೆದ ಜಾಗವನ್ನು ಮಾವನೇ ಕಂಡರಲ್ಲ ಎಂದೂ ಅಂದುಕೊಂಡಳು. ಬೇಕಾದ ಸಮಾಧಾನ ಹುಡುಕುವವರಿಗೆ ಸಿಕ್ಕಿಯೇ ಸಿಗುತ್ತದೆ. ಮೂರು ತುಂಬಿ, ಮನೆಯವರಿಗೆ ವಿಷಯ ತಿಳಿದು, ಸಣ್ಣಕ್ಕ ಈ ಸಲ ಬೆಲ್ಲ ಹಂಚದೆ ಬಾಯಿ ಹೊಲಿದುಕೊಂಡು ಓಡಾಡುವ ಹೊತ್ತಿಗೆ ಶಂಕರಲಿಂಗಪ್ಪ ಖಾಕಿ ತೊಟ್ಟು ಪಾವಗಡದ ಬಸ್ಸಿಗೆ ಕಂಡಕ್ಟರಾಗಿ ಸೇರಿದ್ದ. ಪಾವಗಡದಲ್ಲೇ ಯಾರದೋ ಮನೆಯ ಪಡಸಾಲೆಯಲ್ಲಿ ಮಲಗುತ್ತಾನೆ ಅಂತ ಸುದ್ದಿ ಬಂತು. ನೋಡಿಟ್ಟ ಮಳಿಗೆಯನ್ನು ಪಂಡಿತರು ಬೇಡವೆಂದು ಹೇಳಿ ಕಳಿಸಿದರು. ಅಲ್ಲೀಗ ಸೈಕಲ್ ಅಂಗಡಿ.

ದೀಪಾವಳಿಯ ಹಿಂದುಮುಂದಿನಲ್ಲಿ ಗಂಗಲಕ್ಷ್ಮಮ್ಮನಿಗೆ ಗಂಡು ಹುಟ್ಟಿತು. ಹಿಂದಿನ ಅನುಭವದಿಂದ ಹೆದರಿದ ಮಾವ ಅವಳನ್ನು ತವರಿಗೆ ಕಳಿಸಿರಲಿಲ್ಲ. ಹೆರಿಗೆ ಮಾಡಿಸಿದವಳು ಸಿರಾದ ಸೂಲಗಿತ್ತಿ ರಹಮತ್ ಬಿ. ಹೆರಿಗೆ ಕಷ್ಟದ್ದಾಗಿ, ಬಾಣಂತಿ ಬೆಳ್ಳಗೆ ಬಿಳಿಚಿಕೊಂಡು ಬಿದ್ದಿದ್ದಳು. ನಾಲ್ಕಾರು ದಿನ ಕಳೆದ ಮೇಲೆ ನೋಡಲು ಬಂದ ರಹಮತ್ ಬಿ ಚೀಲದಿಂದ ಒಂದು ಬಾಟಲಿ ತೆಗೆದಳು. ತಳದಲ್ಲಿ ಸ್ವಲ್ಪವೇ ಕೆಂಪು ಉಳಿದಿತ್ತು.

"ಬಾಯಿ ತೆಗಿ ಬೇಟಿ. ನಿಮ್ಮನೇದೇ ದವಾ."

ಗಂಗಲಕ್ಷ್ಮಮ್ಮ ಚಪ್ಪರಿಸಿದಳು. ದ್ರಾಕ್ಷಿಯ ಸಿಹಿ ಮೊದಲು ಬಂತು. ಅದರ ಹಿಂದೆಯೇ ಹೂವಿನ ಒಗರು, ಆಮೇಲೆ ಲವಂಗದ ಬಿಸಿ, ಎಲ್ಲವೂ ಒಂದರ ತೋಳು ಒಂದು ಹಿಡಿದ ಹಾಗೆ ಇಳಿದು ಎದೆಯಲ್ಲಿ ಹರಡಿತು. ಇಷ್ಟು ವರ್ಷದಲ್ಲಿ ಇಂಥದು ಅವಳ ಬಾಯಿಗೆ ಬಂದಿರಲಿಲ್ಲ. ಇದು ಮಾವನ ಕೈಯದಲ್ಲ.

"ಇದು ಯಾರು ಕೊಟ್ಟಿದ್ದು?"

"ನಿನ್ ಮೈದ. ಉಗಾದಿಗೆ ಮುಂಚೆ, ನಿಮ್ಮನೆ ಜಾಡಿ ಇನ್ನೂ ತೆಗ್ದಿರಲಿಲ್ಲ, ನಮ್ಮನೆ ಕಡೀಗೆ ಬಂದಿದ್ದ. ಜಾಡಿ ಬಾಯಿ ಕಟ್ಟೋ ಮುಂಚೆ ಒಂದು ಬಾಟ್ಲಿಗೆ ಬೇರೆ ಹಾಕಿ ಹುದುಗಿಸಿದ್ದೆ, ನೀನು ಬಾಣಂತೇರಿಗೆ ಕೊಟ್ಟು ನೋಡು ಚಾಚಿ ಅಂದ. ನಾನು ಮುಟ್ಟೋದಲ್ಲ, ಹರಾಮು. ಆದ್ರೆ ಎಷ್ಟು ಜನ ಬಾಣಂತೇರು ಎದ್ದು ಕೂತ್ರು ಅಂತೀಯ. ಇನ್ನೊಂದು ಮಾಡ್ಕೊಡೋಕೆ ಹೇಳ್ಬೇಕು, ಎಲ್ಲವ್ನೆ ಅವ್ನು?"

ಗಂಗಲಕ್ಷ್ಮಮ್ಮ ಬಾಟಲಿಗೆ ಕೈ ಚಾಚುವಷ್ಟರಲ್ಲಿ ರಹಮತ್ ಬಿ ಉಳಿದದ್ದನ್ನೂ ಚಮಚಕ್ಕೆ ಬಗ್ಗಿಸಿ ಅವಳ ಬಾಯಿಗೆ ಹಾಕಿ, ಬಾಟಲಿಯನ್ನು ಸೀಗೆಪುಡಿಗೆ ಆಗುತ್ತೆ ಎಂದು ಚೀಲಕ್ಕೆ ಸೇರಿಸಿಕೊಂಡಳು.

ಅವತ್ತು ಸಂಜೆ ಅತ್ತೆಯ ಮುಂದೆ ಎಲ್ಲವನ್ನೂ ಹೇಳಿದಳು. ಸಣ್ಣಕ್ಕ ಮಗುವಿನ ಕಾಲು ನೀವುತ್ತ ಕೇಳಿದಳು. ಅವಳ ಕಣ್ಣಲ್ಲಿ ನೀರು ಬಂತು. ಎಷ್ಟಾದರೂ ಅವಳ ಕಿರಿಮಗ. ಆಮೇಲೆ ಸೆರಗಿನಲ್ಲಿ ಮುಖ ಒರೆಸಿ, "ಮಾವನ ಮುಂದೆ ಎತ್ತಬ್ಯಾಡ ಕಣವ್ವ. ಬಸುರಿ ಹೆಣ್ಣು ಜಾಡಿ ನೋಡಿದ್ಲು ಅಂತ ಆಚೆ ಗೊತ್ತಾದ್ರೆ ಆ ವರ್ಸದ ಮದ್ದು ಕುಡ್ದೋರೆಲ್ಲ ಹೊಟ್ಟೆ ಹಿಡ್ಕಂಡು ಬತ್ತಾರೆ. ವಯಸ್ಸಾದ ಜೀವ, ತಡ್ಕಣಲ್ಲ. ಅವನಿಗೂ ಈಗ ಬಸ್ಸು ರೂಢಿಯಾಗೈತೆ," ಎಂದಳು.

ತೊಟ್ಟಿಲ ದಿನ ಶಂಕರಲಿಂಗಪ್ಪ ಬಂದ. ಬಿಸಿಲಿಗೆ ಕಪ್ಪಾಗಿದ್ದ, ಮಾತು ದೊಡ್ಡದಾಗಿತ್ತು. ಅಂಗಳದಲ್ಲಿ ಹೆಂಗಸರಿಗೆ ಮಿಡಿಗೇಶಿ ಏರಿನಲ್ಲಿ ಬಸ್ಸು ನಿಂತು, ಪ್ರಯಾಣಿಕರನ್ನು ಇಳಿಸಿ ತಳ್ಳಿಸಿದ ಕಥೆ ಹೇಳಿ ನಗಿಸಿದ. ಬಾಣಂತಿಯ ಕೋಣೆಗೆ ಬಂದು, ತಂದ ಬೆಳ್ಳಿಯ ಉಡುದಾರ ತೊಟ್ಟಿಲಲ್ಲಿಟ್ಟ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಶಂಕ್ರಪ್ಪ, ನಿನ್ ಜಾಡೀಲಿ ಕಿಲುಬು ಇರಲಿಲ್ಲ," ಎಂದಳು ಗಂಗಲಕ್ಷ್ಮಮ್ಮ. "ನಾನು ಆಗ ಬಸುರಿ. ನನಗೆ ನೀರೂ ಅಂಗೇ ಇತ್ತು. ಮೊನ್ನೆ ರಹಮತ್ ಬಿ ಹತ್ರ ಉಳ್ದಿದ್ದು ಕುಡುದ್ನಿ. ಅಂಥದ್ದು ನಿಮ್ಮಪ್ಪನ ಕೈಲೂ ಬಂದಿಲ್ಲ."

ಅವನು ಅವಳನ್ನೇ ನೋಡಿದ. ಮುಖದಲ್ಲಿ ಏನೋ ಒಂದು ಎದ್ದು ನಿಲ್ಲಲು ನೋಡಿತು. ಆಮೇಲೆ ನಕ್ಕ, ದೊಡ್ಡವರು ಮಕ್ಕಳ ಮಾತಿಗೆ ನಗುವ ಹಾಗೆ.

"ನೀವು ಒಳ್ಳೇರು ಅತ್ತ್ಗೆ. ಅವತ್ತಿಂದ ಮನಸಿಗೆ ಹಚ್ಕಂಡಿದ್ದೀರಿ ಅಂತ ನಂಗೊತ್ತು. ಬುಡಿ, ನಾನೇನೂ ಬೇಜಾರಾಗಿಲ್ಲ."

"ಸುಳ್ಳಲ್ಲ ಕಣಪ್ಪ. ನನ್ನ ನಾಲ್ಗೆ ಈಗ..."

"ಬಾಣಂತಿ ನಾಲ್ಗೆ," ಎಂದ ಶಂಕರಲಿಂಗಪ್ಪ. "ಅಪ್ಪನೇ ಹೇಳವ್ರಲ್ಲ, ನಂಬಂಗಿಲ್ಲ ಅಂತ. ಬಾಣಂತೇರಿಗೆ ಬೇವಿನ ಕಷಾಯನೂ ಸಿಹಿ." ಅವನು ದನಿ ತಗ್ಗಿಸಿದ. "ನಿಜ ಹೇಳ್ಲಾ ಅತ್ತ್ಗೆ? ಅದು ನನಗೆ ತುಂಬಾ ಚೆನ್ನಾಗೈತೆ ಅನ್ನಿಸಿತ್ತು. ಹಿಂದಿನ ರಾತ್ರಿ ಒಂದು ತೊಟ್ಟು ಬಾಯಿಗಿಟ್ಕಂಡು, ಇನ್ನು ನಾನು ಗೆದ್ದೆ ಅಂದ್ಕಂಡಿದ್ದೆ. ವಿಷ ಇದ್ದಿದ್ದು ಗೊತ್ತೇ ಆಗಲಿಲ್ಲ. ನೀವು ಹೇಳ್ದೆ ಇದ್ರೆ ಯಾರ್ನಾದ್ರೂ ಕೊಂದಿರ್ತಿದ್ದೆ. ಆ ಬಾಟ್ಲಿನೂ ಚೆಲ್ಲು ಅಂತ ಚಾಚಿಗೆ ಹೇಳಿ ಕಳಿಸಿದ್ದೆ, ಸುದ್ದಿ ಮುಟ್ಟಿಲ್ಲ ಅಂತ ಕಾಣುತ್ತೆ; ಒಂದೊಂದೇ ಚಮಚ ಅಂತ ಬಾಣಂತೇರು ಉಳ್ಕಂಡವ್ರೆ. ಈಗ ಸಾರಿಗೆ ಉಪ್ಪು ಸಾಲದು ಅಂತ ಹೇಳೋಕೂ ನಂಗೆ ಧೈರ್ಯ ಇಲ್ಲ."

ಬಾಟಲಿ ಇಲ್ಲ, ರಸವಿಲ್ಲ, ಗಂಗಲಕ್ಷ್ಮಮ್ಮನ ಮಾತೊಂದೇ ಉಳಿದಿತ್ತು. ಅವತ್ತು ಜಾಡಿ ಚೆಲ್ಲಿಸಲು ಅದೊಂದು ಮಾತು ಸಾಕಾಗಿತ್ತು.

ಅಷ್ಟರಲ್ಲಿ ಹೆಂಗಸರು ಜೇನಿನ ಬಟ್ಟಲು ಹಿಡಿದು ಒಳಗೆ ಬಂದರು. ಸೋದರಮಾವ ಬರುವುದು ತಡವಾಗುತ್ತದೆ, ಚಿಕ್ಕಪ್ಪನೇ ನೆಕ್ಕಿಸಲಿ ಎಂದು ಸಣ್ಣಕ್ಕ ಬಟ್ಟಲನ್ನು ಮಗನ ಕೈಗಿತ್ತಳು. ಶಂಕರಲಿಂಗಪ್ಪ ಕಿರುಬೆರಳು ಅದ್ದಿದ. ಅಭ್ಯಾಸಬಲದಿಂದಲೋ ಏನೋ, ಬೆರಳು ಮೊದಲು ಅವನ ಬಾಯಿಯ ಹತ್ತಿರ ಹೋಯಿತು. ಅಲ್ಲೇ ತಡೆದು, ತಿರುಗಿಸಿ, ಅತ್ತಿಗೆಯ ಮುಂದೆ ಬಟ್ಟಲು ಹಿಡಿದ. "ನೀವು ಒಂದ್ಸಲ ನೋಡ್ಬುಡಿ ಅತ್ತ್ಗೆ," ಎಂದ.

ಎಲ್ಲರೂ ಕಾಯುತ್ತಿದ್ದರು. ಅವಳು ಒಂದು ಹನಿ ನಾಲಿಗೆಗೆ ಹಚ್ಚಿಕೊಂಡು ತಲೆಯಾಡಿಸಿದಳು. ಅವನು ಬೆರಳನ್ನು ಮಗುವಿನ ತುಟಿಗೆ ಮುಟ್ಟಿಸಿದ. ಮಗು ಹಣೆ ಗಂಟಿಕ್ಕಿತು, ತುಟಿ ಸೊಟ್ಟ ಮಾಡಿತು, ಆಮೇಲೆ ಪುಟ್ಟ ನಾಲಿಗೆಯನ್ನು ಹೊರಗೆ ಚಾಚಿ ಗಾಳಿಯಲ್ಲಿ ಆಡಿಸಿತು. ಹೆಂಗಸರೆಲ್ಲ ನಕ್ಕರು. ಗಂಗಲಕ್ಷ್ಮಮ್ಮ ತೊಟ್ಟಿಲ ಮೇಲೆ ಬಗ್ಗಿ, ಸೆರಗಿನ ತುದಿಯಿಂದ ಮಗುವಿನ ಗಲ್ಲಕ್ಕೆ ಇಳಿದ ಜೇನನ್ನು ಒರೆಸುತ್ತ ಉಳಿದಳು.