ಗೂಡಲೂರು ಸುತ್ತಿ ಬರುವ ಗೊಬ್ಬರ

ಗುಂಡ್ಲುಪೇಟೆಯ ತರಕಾರಿ ಗಾಡಿ ಕೇರಳದ ಬತ್ತೇರಿಯಲ್ಲಿ ಟೊಮೆಟೊ ಇಳಿಸಿ ಖಾಲಿ ಬರುವುದುಂಟೇ? ನಮ್ಮ ಅರಿಸಿನದ ಹೊಲಗಳಿಗೆ ಕೋಳಿಗೊಬ್ಬರ ತುಂಬಿಕೊಂಡೇ ಬರುತ್ತದೆ. ಗೌಸ್ ಮೊಹಿದ್ದೀನನದೂ ಅದೇ ಕಸುಬು. ಆವತ್ತು ಮಾತ್ರ ಮೂಲೆಹೊಳೆ ಚೆಕ್‌ಪೋಸ್ಟಿನಲ್ಲಿ ತಡೆದರು. ಗಡಿಯಾಚೆ ಹಕ್ಕಿಜ್ವರ, ಗೊಬ್ಬರ ವಾಪಸ್ ಇಳಿಸಿ ಬಾ ಎಂದರು. ಗೌಸ್ ಗೊಬ್ಬರ ವಾಪಸ್ ಇಳಿಸಿ, ಬುಸುಗುಡುತ್ತಾ ಮನೆಗೆ ಬಂದ.

"ನಾಳೆ ಗೂಡಲೂರು ಸುತ್ಕೊಂಡು ತರ್ತೀನಿ. ತಮಿಳುನಾಡು ರೋಡಲ್ಲಿ ಯಾರು ಕೇಳ್ತಾರೆ?"

ಹೆಂಡತಿ ಹಫೀಜಾ ಹಿತ್ತಲ ಕಡೆ ನೋಡಿದಳು. ಹಿತ್ತಲ ತುಂಬಾ ಅವಳ ನಾಟಿಕೋಳಿಗಳು. ಮಗಳು ನಾಜ್ನೀನಳ ಕಾಲೇಜು ನಡೆಯುತ್ತಿದ್ದದ್ದೇ ಅವುಗಳಿಂದ. ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವ ಪಕ್ಕದ ಬೀದಿಯ ನಾಗರತ್ನಕ್ಕನನ್ನು ಓಡಿಹೋಗಿ ಕರೆತಂದಳು.

"ಗೂಡಲೂರಲ್ಲಿ ಸುಮ್ನೆ ಬುಟ್ಬುಡ್ತಾರಾ ಅಣ್ಣ?" ಎಂದಳು ನಾಗರತ್ನ. "ಕೇರಳದೋರು, ತಮಿಳುನಾಡಿನೋರು, ನಮ್ಮೋರು, ಎಲ್ಲಾ ಫೋನಲ್ಲೇ ಮಾತಾಡ್ಕೊಂಡವ್ರೆ. ಕಾಯಿಲೆ ಏನು ಗಡಿಕಲ್ಲು ನೋಡ್ಕೊಂಡು ನಿಲ್ತದಾ? ಅದ್ಕೇ ಮೂರು ರಾಜ್ಯನೂ ಒಟ್ಟಿಗೇ ಕಾಯ್ತಾವೆ."

"ಗೊಬ್ಬರಕ್ಕೂ ಜ್ವರ ಬತ್ತದೇನಮ್ಮಾ?" ಗೌಸ್ ನಕ್ಕ.

"ನಗಬ್ಯಾಡಿ. ಸೋಂಕು ಕೋಳಿ ಹಿಕ್ಕೆಲೇ ಇರ್ತದೆ. ಗಾಡಿ ಚಕ್ರಕ್ಕೆ, ನಿಮ್ಮ ಚಪ್ಪಲಿಗೆ ಮೆತ್ಕೊಂಡು ಬಂದ್ರೂ ಸಾಕು. ಒಂದ್ ಕೋಳಿಗೆ ತಗುಲಿದ್ರೆ ಇಡೀ ಬೀದಿ ಕೋಳಿನೆಲ್ಲ ಕೊಂದು ಮಣ್ಣು ಮಾಡ್ಬೇಕಾಯ್ತದೆ. ಮನುಷ್ರಿಗೂ ಬರಬೌದು."

ಗೌಸ್ ತಲೆ ಕೆರೆದುಕೊಂಡ. "ಹಂಗಳದ ಪುಟ್ಟಮಾದು ಹೊಲಕ್ಕೆ ಗೊಬ್ಬರ ತರ್ತೀನಿ ಅಂತ ಮಾತು ಕೊಟ್ಬುಟ್ಟಿವ್ನಲ್ಲಾ..."

ಹಫೀಜಾಗೆ ರೇಗಿಹೋಯಿತು. "ನನ್ನ ತಮ್ಮ ಅಮೀನ್ ಮಿಲಿಟರಿಲಿ ಅವ್ನೆ. ಬೇರೆ ದೇಶದ ಸೈನಿಕರ ಜೊತೆ ಸೇರಿ ತರಬೇತಿ ಮಾಡ್ಬಂದ ಅಂತ ಊರಿಗೆಲ್ಲ ಹೇಳ್ಕೊಂಡು ಎದೆ ಉಬ್ಬಿಸಿ ತಿರುಗ್ದೋರು ನೀವೇ ಅಲ್ವಾ? ಅವನು ಗಡಿ ಕಾಯೋನು. ಅವನ ಭಾವ ಗಡಿಲಿ ಕಣ್ತಪ್ಪಿಸಿ ಕಾಯಿಲೆ ತರೋನಾ?"

ಅಬ್ಬಾ, ಆ ಮಾತು ನಾಟಿತು! ಗೌಸ್ ಅಲ್ಲೇ ಫೋನ್ ತೆಗೆದ.

"ಲೋ ಮಾದು, ಕೋಳಿಗೊಬ್ಬರ ಇಲ್ಲ ಕಣ್ಲಾ. ಈ ಸಲ ಮನೆ ದನದ ಗೊಬ್ಬರನೇ ಹಾಕು. ಗಡಿಯಾಚೆ ಕಾಯಿಲೆ ಐತೆ. ನಾನೂ ಕಾವಲಿಗೆ ನಿಂತಿವ್ನಿ ಅಂದ್ಕೊ!"

ಹಫೀಜಾಗೆ ಗಂಡನ ಮೇಲೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ಗಡಿ ರಸ್ತೆಯಲ್ಲಿ ಗಾಡಿ ಓಡಿಸುವ ಅಣ್ಣಂದಿರೇ, ಕೋಳಿ ಸಾಕುವ ಅಕ್ಕಂದಿರೇ, ಚೆಕ್‌ಪೋಸ್ಟಿನಲ್ಲಿ ಕೈ ತೋರಿದರೆ ನಿಲ್ಲಿಸಿ. ಚಕ್ರಕ್ಕೆ ಔಷಧಿ ಹೊಡೆಸಿಕೊಳ್ಳಿ. ಕೋಳಿಗಳು ಇದ್ದಕ್ಕಿದ್ದಂತೆ ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿ, ಪಶು ಆಸ್ಪತ್ರೆಗೆ ತಿಳಿಸಿ. ಮೂರು ರಾಜ್ಯ ಕೂಡುವ ಜಾಗದವರು ನಾವು. ಕಾವಲೂ ನಮ್ಮದೇ, ಹೆಮ್ಮೆಯೂ ನಮ್ಮದೇ!