ಗೆಳತಿಯ ಅಳತೆಯ ರೆಸ್ಯೂಮ್

ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಇಂಟರ್ನ್‌ಶಿಪ್‌ಗೆಂದು ಬರೆದ ಮೂರು ಪುಟದ ರೆಸ್ಯೂಮ್ ಹಿಡಿದು ಅಕ್ಕನ ಮಗಳು ನನ್ನ ಹೊಲಿಗೆ ಅಂಗಡಿಗೆ ಬಂದಳು. ನಾಯಕತ್ವವಂತೆ, ದೂರದೃಷ್ಟಿಯಂತೆ! ಓದಿ ಮೈಯೆಲ್ಲ ಉರಿಯಿತು.

“ಇದು ಯಾರ ಅಳತೆ ಕಣೇ?”

“ಗೆಳತೀದು, ಚಿಕ್ಕಮ್ಮ. ಹೆಸರು ಮಾತ್ರ ಬದಲಾಯಿಸ್ದೆ. ಬರೆಯೋಕೆ ನನ್ ಹತ್ರ ಏನಿದೆ?”

“ನಾಲ್ಕು ವರ್ಷದಿಂದ ನನ್ನ ಅಳತೆ ಪುಸ್ತಕ ನೋಡ್ಕೊಳ್ತಿರೋದು ಯಾರು, ನಿನ್ನ ಗೆಳತೀನಾ? ಅದನ್ನ ಬರಿ!”

ಮುಖ ಊದಿಸಿಕೊಂಡೇ ಬರೆದಳು: ‘ಆರುನೂರು ಗಿರಾಕಿಗಳ ಅಳತೆ ಬರೆದಿಟ್ಟಿದ್ದೇನೆ. ಒಮ್ಮೆಯೂ ಅದಲುಬದಲಾಗಿಲ್ಲ.’ ಗೆಳತಿಯದನ್ನೆಲ್ಲ ಹೊಡೆದು ಹಾಕಿದ ಮೇಲೆ ಮೂರು ಪುಟ ಒಂದೇ ಪುಟವಾಯಿತು.

ಸಂದರ್ಶನದ ದಿನ ನನಗೆ ಸೂಜಿಗೆ ದಾರ ಪೋಣಿಸಲೂ ಆಗಲಿಲ್ಲ. ನನ್ನ ಬಾಯಿ ಸುಮ್ಮನಿರಬಾರದಿತ್ತೇ? ಸಂಜೆ ಅವಳು ಬಂದು ಸ್ಟೂಲಿನ ಮೇಲೆ ಧೊಪ್ಪನೆ ಕೂತಳು.

“ಆ ಒಂದು ಸಾಲಿನ ಮೇಲೇ ಕೇಳಿದ್ರು ಚಿಕ್ಕಮ್ಮ. ಒಂದೇ ಹೆಸರಿನವರು ಇಬ್ಬರಿದ್ರೆ ಏನ್ಮಾಡ್ತೀಯ ಅಂದ್ರು. ಅವರವರ ಬಟ್ಟೆ ಚೂರು ಅಳತೆ ಪಕ್ಕದಲ್ಲೇ ಅಂಟಿಸ್ತೀನಿ ಅಂದೆ. ಸೋಮವಾರದಿಂದ ಬಾ ಅಂದ್ರು!”

ಹೋದ ಜೀವ ಬಂದಂತಾಯಿತು.

“ಇನ್ಮೇಲೆ ಪುಸ್ತಕ ನೀನೇ ನೋಡ್ಕೋಬೇಕು,” ಎಂದಳು.

“ನೀನು ಬರೋಕೆ ಮುಂಚೆ ನಾನೇ ಕಣೇ ನೋಡ್ಕೊಳ್ತಿದ್ದಿದ್ದು,” ಎಂದು ಗದರಿದೆ.

ಆಗ ಎಷ್ಟು ಜನರ ಅಂಗಿ ಅದಲುಬದಲಾಗಿತ್ತೆಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.