ಮೂಲೆ ಬಿಡಿಸಿದ ಅತ್ತೆ

ನೋಟೀಸು ಬಂದದ್ದು ನನ್ನ ಹೆಸರಿಗೆ, ಒಡೆದು ಓದಿದ್ದು ನಮ್ಮತ್ತೆ. ಎಡವಟ್ಟಾದದ್ದು ಅಲ್ಲೇ.

ನನ್ನ ಬುಕ್ ಬೈಂಡಿಂಗ್ ಅಂಗಡಿಯ ಮೆಟ್ಟಿಲ ಪಕ್ಕದ ಮೂಲೆಯಲ್ಲಿ ಚಪ್ಪಲಿ ಹೊಲಿಯುವ ತಾತ ಕೂರುತ್ತಾರೆ. ಇಪ್ಪತ್ತಾರು ವರ್ಷದಿಂದ. ಇಡೀ ಬೀದಿ ಅವರು ಹಾಕಿದ ಹೊಲಿಗೆಯ ಮೇಲೆ ನಡೆಯುತ್ತದೆ. ಬೀದಿಯನ್ನು ಚೆಂದ ಮಾಡಲು ಹೊರಟ ನಗರಸಭೆಯ ಕಚೇರಿಗೆ ಮಾತ್ರ ಅವರು ಕಸವಾಗಿ ಕಂಡರು. ಚೆಂದದ ಹೆಸರು ಹೇಳಿಕೊಂಡು ಬರುವವರು ಮೊದಲು ಗುಡಿಸುವುದು ದುಡಿಯುವವರನ್ನೇ. "ಸದರಿ ಮೂಲೆಯನ್ನು ಏಳು ದಿನದೊಳಗೆ ಬಿಡಿಸಿ ವರದಿ ಮಾಡತಕ್ಕದ್ದು" ಎಂದಿತ್ತು ನೋಟೀಸು. ತಾತನನ್ನು ಎಬ್ಬಿಸುವ ಹೇಸಿಗೆ ಕೆಲಸವನ್ನು ನನ್ನ ಕೈಯಿಂದಲೇ ಮಾಡಿಸುವ ಹುನ್ನಾರ.

ಅತ್ತೆ ಮೂವತ್ತೆಂಟು ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಹೂಜಿ ಬಿಡಿಸಿ, ಬೆಕ್ಕು ಬಿಡಿಸಿ ಎನ್ನುತ್ತಲೇ ನಿವೃತ್ತರಾದವರು. ಆ ಪದಕ್ಕೆ ಇನ್ನೊಂದು ಅರ್ಥವಿದೆ ಎಂಬುದು ಅವರಿಗೆ ಹೊಳೆಯಲೇ ಇಲ್ಲ.

ತಂಗಿಯ ಮನೆಗೆ ಹೋಗಿದ್ದ ನಾನು ಆರನೇ ದಿನ ವಾಪಸು ಬಂದು ನೋಡಿದರೆ, ಅಂಗಡಿಯ ರದ್ದಿ ಕಾಗದವೆಲ್ಲ ಕತ್ತರಿಯ ಪಾಲಾಗಿತ್ತು. ನನ್ನ ಮೈದಾ ಅಂಟನ್ನೇ ಬಳಿದು, ಮೂಲೆಯ ಗೋಡೆ ತುಂಬ ನಮ್ಮ ಬೀದಿಯನ್ನು ಅಂಟಿಸಿದ್ದರು. ಕ್ಷೌರದಂಗಡಿಯ ಕುರ್ಚಿಗೆ ರೆಕ್ಕೆ. ಇಸ್ತ್ರಿಯಕ್ಕ ಮೋಡಗಳ ಸುಕ್ಕು ತೆಗೆಯುತ್ತಿದ್ದಾಳೆ. ದಿನಸಿಯವನ ತಕ್ಕಡಿಯಲ್ಲಿ ಒಂದು ಕಡೆ ಚಂದ್ರ, ಇನ್ನೊಂದು ಕಡೆ ಅವನ ಹೆಬ್ಬೆರಳು, ಹೆಬ್ಬೆರಳೇ ಭಾರ.

"ಏನತ್ತೆ ಇದು?"

"ಬಿಡಿಸಿ ಅಂದಿದ್ರಲ್ಲಮ್ಮ. ನನ್ನ ಬಣ್ಣದ ಡಬ್ಬಿ ಒಣಗಿಹೋಗಿತ್ತು, ಅದಕ್ಕೇ ಕಾಗದ ಕತ್ತರಿಸಿ ಅಂಟಿಸಿಬಿಟ್ಟೆ. ಮಾರ್ಕ್ಸ್ ಕಳೀತಾರಾ?"

"ಅಯ್ಯೋ, ಜಾಗ ಬಿಡಿಸೋದು ಅತ್ತೆ! ತಾತನ್ನ ಎಬ್ಬಿಸಿ ಕಳಿಸಬೇಕಂತೆ!"

ಅತ್ತೆಯ ಮುಖ ಕೆಂಪಾಯಿತು. "ಹಾಗಂತ ನೆಟ್ಟಗೆ ಬರೆಯೋಕೆ ಏನು ರೋಗ? ಬರ್ಲಿ ನಾಳೆ," ಎಂದವರೇ ಮತ್ತೆ ಕತ್ತರಿ, ಅಂಟು ಹಿಡಿದು ಗೋಡೆಯತ್ತ ನಡೆದರು.

ಮರುದಿನ ಕಚೇರಿಯ ಇನ್‌ಸ್ಪೆಕ್ಟರ್ ಬರುವಷ್ಟರಲ್ಲಿ ಅರ್ಧ ಬೀದಿ ಅಲ್ಲಿತ್ತು. ಅವರು ಗೋಡೆ ನೋಡಿದರು, ತಾತನನ್ನು ನೋಡಿದರು.

"ಮೂಲೆ ಬಿಡಿಸಿ ಅಂದಿದ್ವಿ."

"ಬಿಡಿಸಿದ್ದೀನಲ್ಲಪ್ಪ," ಎಂದರು ಅತ್ತೆ. "ತಪ್ಪಿದ್ರೆ ತೋರ್ಸು."

"ಅಜ್ಜೀ, ಅವನು ಇನ್ನೂ ಇಲ್ಲೇ ಕೂತಿದ್ದಾನಲ್ಲ?"

"ಅವನಲ್ಲ, ಅವರು," ಎಂದೆ ನಾನು. "ಅವರನ್ನ ಎಬ್ಬಿಸಿ ಅಂತ ಎಲ್ಲಿದೆ ಸಾರ್? ಓದಿ, ಜೋರಾಗಿ ಓದಿ. ಇಲ್ಲೂ ಒಬ್ಬರು ಮನುಷ್ಯರಿದ್ದಾರೆ ಅಂತ ಬರೆಯೋಕೂ ನಿಮಗೆ ಮನಸ್ಸು ಬಂದಿಲ್ಲ."

ಇನ್‌ಸ್ಪೆಕ್ಟರ್ ಓದಿದರು. "ಬಿಡಿಸಿ" ಎಂಬಲ್ಲಿಗೆ ಬರುತ್ತಲೇ ಇಸ್ತ್ರಿಯಕ್ಕ ಕಿಸಕ್ಕೆಂದಳು, ಬೀದಿ ಘೊಳ್ಳೆಂದಿತು. ತುಟಿ ಕಚ್ಚಿ ತಡೆದುಕೊಂಡಿದ್ದ ಇನ್‌ಸ್ಪೆಕ್ಟರಿಗೂ ಕೊನೆಗೆ ನಗು ತಡೆಯಲಾಗಲಿಲ್ಲ.

"ಒಳ್ಳೇ ಅಜ್ಜಿ ಸಹವಾಸ ಆಯ್ತಪ್ಪ! ಮೇಲಿನವರು ಕೇಳಿರೋದು ಒಂದು ಸಾಲು. ಬರೆದ್ರೆ ಸುಳ್ಳೇನಾಗಲ್ಲ." ಪೆನ್ನು ತೆಗೆದು, 'ಸದರಿ ಮೂಲೆಯನ್ನು ಬಿಡಿಸಲಾಗಿದೆ' ಎಂದು ಬರೆದು, ಸಹಿ ಜಡಿದು, ಗೋಡೆಯ ಫೋಟೋ ಹೊಡೆದುಕೊಂಡು ಹೊರಟರು. ಕಡತ ಮುಚ್ಚಿತು.

ಅಷ್ಟು ಹೊತ್ತೂ ತಲೆ ತಗ್ಗಿಸಿ ಹೊಲಿಯುತ್ತಿದ್ದ ತಾತ ಕನ್ನಡಕ ಏರಿಸಿ, ಗೋಡೆಯ ಮೇಲಿನ ತಮ್ಮನ್ನೇ ದಿಟ್ಟಿಸಿದರು.

"ಎಲ್ಲಾ ಸರಿ ಟೀಚರಮ್ಮ, ಸೊಂಟದ ಕೆಳಗೆ ಮೀನಿನ ಬಾಲ ಯಾಕೆ ಅಂಟ್ಸಿದ್ರಿ? ಊರಿಗೆಲ್ಲ ಚಪ್ಪಲಿ ಹೊಲಿಯೋನಿಗೇ ಕಾಲಿಲ್ವಲ್ಲ!"

"ಕಾಲಿದ್ರೆ ತಾನೇ," ಎಂದರು ಅತ್ತೆ, "ಎದ್ದು ಹೋಗು ಅನ್ನೋದು?"